ಗದ್ದ ಹಿಡಿದು ಹೇಳುವ ಮಾತು

ನನ್ನ ಮಗಳಿಗೆ ಮೂರು ವರ್ಷವಿದ್ದಾಗ ಒಂದು ರೂಢಿಯಿತ್ತು. ಏನಾದರೂ ಹೇಳಬೇಕೆಂದರೆ ಓಡಿ ಬಂದು ತೊಡೆ ಏರುವಳು, ಎರಡೂ ಕೈಯಿಂದ ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಳ್ಳುವಳು, ಆಮೇಲೆಯೇ ಮಾತು. ನೀರು ಬೇಕೆಂದರೂ ಅಷ್ಟೆ, ಇರುವೆ ಕಚ್ಚಿದರೂ ಅಷ್ಟೆ. ನೋಡಿದವರೆಲ್ಲ ಎಷ್ಟು ಮುದ್ದು ಅನ್ನುತ್ತಿದ್ದರು. ನಾನೂ ಬಹಳ ದಿನ ಹಾಗೇ ಅಂದುಕೊಂಡು ಬೀಗಿದೆ. ಒಂದು ಮಧ್ಯಾಹ್ನ ಬೆಟಗೇರಿಯ ನಮ್ಮ ತವರಿನ ಓಣಿಯಲ್ಲಿ ಆ ಮುದ್ದು ಹೆದರಿಕೆಯಾಗಿ ತಿರುಗಿತು.

ಕಾಲೇಜು ಮುಗಿಸಿ ಮಗಳನ್ನು ಕರೆದೊಯ್ಯಲು ಬಂದಿದ್ದೆ. ಅವಳು ಓಣಿಯ ನಡುವೆಯೇ ಕುಕ್ಕರಗಾಲಲ್ಲಿ ಕೂತು ಬಣ್ಣದ ನೂಲಿನ ಚೂರು ಆರಿಸುತ್ತಿದ್ದಳು. ಹಿಂದಿನಿಂದ ಒಂದು ಟಂಟಂ ಆಟೋ ಬಂತು. ಹಾರ್ನ್ ಹೊಡೆಯಿತು. ಅವಳು ತಿರುಗಲಿಲ್ಲ. ಇನ್ನೊಮ್ಮೆ ಉದ್ದಕ್ಕೆ ಹೊಡೆಯಿತು. ಅವಳು ಕೆಂಪು ನೂಲೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಓಡಿ ಹೋಗಿ ಎತ್ತಿಕೊಂಡೆ. ಟಂಟಂನವನು ಕುತ್ತಿಗೆ ಹೊರಗೆ ಹಾಕಿ ಬೈದ.

"ಯಕ್ಕಾ, ಕೂಸಿಗೆ ಕಿವಿ ಕೇಳತಾವೋ ಇಲ್ಲೋ?"

ಸಿಟ್ಟಿನಲ್ಲಿ ಆಡಿದ ಮಾತು. ಆಡಿ, ಗೇರು ಹಾಕಿಕೊಂಡು ಹೋದ. ಆದರೆ ಆ ಪ್ರಶ್ನೆ ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಮಗಳಿಗೆ ಮಾತು ಕಡಿಮೆ ಎಂಬುದು, ಆಡಿದರೆ ಕಿರುಚಿ ಆಡುತ್ತಾಳೆ ಎಂಬುದು, ಮುಖ ನೋಡದೆ ಒಂದಕ್ಷರವೂ ಹೇಳುವುದಿಲ್ಲ ಎಂಬುದು, ಎಲ್ಲ ಒಂದರ ಹಿಂದೆ ಒಂದು ನೆನಪಾದವು. ಅವಳು ನನ್ನ ತುಟಿ ನೋಡಲೆಂದೇ ಗದ್ದ ಹಿಡಿಯುತ್ತಾಳೆ ಅನ್ನಿಸಿತು.

ನಮ್ಮದು ನೇಕಾರರ ಮನೆ. ಅಜ್ಜನ ಕಾಲದ ಕೈಮಗ್ಗ ಹೋಗಿ ಈಗ ಮುಂದಿನ ಪಡಸಾಲೆಯಲ್ಲಿ ಅಪ್ಪ ಮತ್ತು ಅಣ್ಣನ ಪಾವರ್‌ಲೂಮುಗಳಿವೆ. ಬೆಳಗ್ಗೆ ಸ್ವಿಚ್ಚು ಹಾಕಿದರೆ ಕರೆಂಟು ಹೋಗುವ ತನಕ ಲಾಳಿ ಬಡಿದುಕೊಳ್ಳುತ್ತಲೇ ಇರುತ್ತದೆ. ಹೊಸಬರು ಹೊಸ್ತಿಲು ದಾಟಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಾವು ಅದರೊಳಗೇ ಹುಟ್ಟಿ, ಉಂಡು, ನಿದ್ದೆ ಮಾಡಿ ಬೆಳೆದವರು. ಆ ಗದ್ದಲದಲ್ಲಿ ಕೂಗಿದರೆ ಗಂಟಲು ಹರಿದೀತೇ ಹೊರತು ಮಾತು ಮುಟ್ಟುವುದಿಲ್ಲ. ಅದಕ್ಕೆ ನಮ್ಮ ಓಣಿಯವರೆಲ್ಲ ಎದುರಾ ಎದುರು ನಿಂತು, ಬಾಯಿಯನ್ನು ಅಗಲವಾಗಿ ತೆರೆದು, ಕೈಸನ್ನೆ ಸೇರಿಸಿ ಮಾತಾಡುತ್ತಾರೆ. ಹಿಂದಿನಿಂದ ಮಾತಾಡಿಸುವುದು ನಮ್ಮಲ್ಲಿ ಮರ್ಯಾದೆಗೇಡು. ಚಿಕ್ಕವಳಿದ್ದಾಗ ಹಾಗೆ ಮಾಡಿ ಅವ್ವನಿಂದ ಬೆನ್ನಿಗೆ ಗುದ್ದು ತಿಂದಿದ್ದೇನೆ.

ಆ ಮನೆಯಲ್ಲೇ, ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಅವ್ವನ ಮಗ್ಗುಲಲ್ಲಿ, ನನ್ನ ಮಗಳು ದಿನವಿಡೀ ಇರುತ್ತಿದ್ದಳು. ನಾನು ಗದಗಿನ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ. ನಮ್ಮವರು ಮುಂಡರಗಿಯಲ್ಲಿ ಹೈಸ್ಕೂಲು ಮಾಸ್ತರರು. ಬೆಳಗ್ಗೆ ಬಸ್ಸು ಹಿಡಿದರೆ ಕತ್ತಲಾಗುವ ಹೊತ್ತಿಗೆ ಬರುವವರು. ಮಗುವನ್ನು ಬಿಡಲು ತವರಿಗಿಂತ ಒಳ್ಳೆಯ ಜಾಗ ಯಾವುದು ಎಂದು ನಾನೇ ಎಲ್ಲರೆದುರು ಹೇಳಿಕೊಂಡು ತಿರುಗಿದ್ದೆ. ಈಗ ಅದೇ ಜಾಗ ಮಗುವಿನ ಕಿವಿ ತಿಂದುಹಾಕಿತೇ ಎಂಬ ಭಯ ಹಿಡಿಯಿತು.

ಅವ್ವನಿಗೆ ಹೇಳಿದರೆ ನಕ್ಕಳು.

"ನೀನೂ ತಡಾನ ಮಾತು ಕಲತಾಕಿ. ನಿನ್ನ ಮಗಳಲ್ಲೇನು ಅದು? ಸುಮ್ನ ಇರು."

ಸುಮ್ಮನಿರಲು ನನ್ನಿಂದಾಗಲಿಲ್ಲ. ಸಂಜೆ ನಮ್ಮ ಮಹಡಿ ಮನೆಯಲ್ಲಿ ಮಗಳು ಆಡುತ್ತಿದ್ದರೆ ಬೆನ್ನ ಹಿಂದೆ ಚಪ್ಪಾಳೆ ತಟ್ಟುವೆ. ಸ್ಟೀಲು ತಾಟು ಕೆಳಗೆ ಬೀಳಿಸುವೆ. ಒಮ್ಮೆ ತಿರುಗುವಳು, ಒಮ್ಮೆ ಇಲ್ಲ. ತಿರುಗಿದರೆ ಕಿವಿ ಕೇಳಿತೋ, ನೆಲ ಅದುರಿದ್ದು ತಿಳಿಯಿತೋ ಎಂಬ ಅನುಮಾನ. ತಿರುಗದಿದ್ದರೆ ಮತ್ತೆ ತಾಟು ಎತ್ತುವೆ. ಕೆಳಗಿನ ಮನೆಯವರು ಬಂದು, ದಿನಾ ಸಂಜೆ ನಿಮ್ಮ ಮನೆಯಲ್ಲಿ ಯಾಕೆ ತಾಟು ಬೀಳುತ್ತದೆ ಎಂದು ಕೇಳಿಹೋದರು. ಸಂಖ್ಯಾಶಾಸ್ತ್ರ ಕಲಿಸುವವಳು ಅಡುಗೆಮನೆಯಲ್ಲಿ ತಾಟು ಬೀಳಿಸಿಕೊಂಡು ಕೂತಿದ್ದಳು. ಡಾಕ್ಟರ ಕಡೆ ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಬಹುದು. ಹೋದರೆ ಅವರು ಹೌದು ಅಂದುಬಿಟ್ಟರೆ? ಆ ಅಂಜಿಕೆಗೇ ಹೋಗಲಿಲ್ಲ. ನಮ್ಮವರಿಗೂ ಬಾಯಿ ಬಿಡಲಿಲ್ಲ.

ಆ ವರ್ಷ ತರಗತಿಯಲ್ಲಿ ಕೈ-ವರ್ಗ ಪರೀಕ್ಷೆಯ ಪಾಠ ನಡೆದಿತ್ತು. ಮಕ್ಕಳು ಕೈ-ಸ್ಕ್ವೇರ್ ಅನ್ನುತ್ತಾರೆ; ಈ ಕೈ ಒಂದು ಗ್ರೀಕ್ ಅಕ್ಷರ. ನಾನು ಅದನ್ನು ಯಾವಾಗಲೂ ಗಿರ್ಮಿಟ್ಟು ಮತ್ತು ಮಿರ್ಚಿಯಿಂದ ಶುರು ಮಾಡುತ್ತೇನೆ. ಹುಡುಗರು, ಹುಡುಗಿಯರು ಎಂದು ಎರಡು ಸಾಲು; ಗಿರ್ಮಿಟ್ಟು, ಮಿರ್ಚಿ ಎಂದು ಎರಡು ಕಂಬ; ಒಟ್ಟು ನಾಲ್ಕು ಚೌಕ. ಯಾರಿಗೆ ಏನು ಇಷ್ಟ ಎಂದು ಕೇಳಿ ಚೌಕ ತುಂಬಬೇಕು. ಅದು ಕಂಡ ಎಣಿಕೆ. ಹುಡುಗ, ಹುಡುಗಿ ಎಂಬುದಕ್ಕೂ ತಿನ್ನುವ ಚಪಲಕ್ಕೂ ಸಂಬಂಧವೇ ಇಲ್ಲ ಎಂದುಕೊಂಡರೆ ಯಾವ ಚೌಕದಲ್ಲಿ ಎಷ್ಟು ಮಂದಿ ಇರಬೇಕಿತ್ತು ಎಂದು ಲೆಕ್ಕ ಹಾಕಬಹುದು. ಅದು ನಿರೀಕ್ಷಿತ ಎಣಿಕೆ. ಎರಡರ ನಡುವಿನ ಅಂತರವನ್ನು ವರ್ಗ ಮಾಡಿ, ನಿರೀಕ್ಷಿತದಿಂದ ಭಾಗಿಸಿ, ನಾಲ್ಕೂ ಚೌಕದ್ದನ್ನು ಕೂಡಿಸಬೇಕು. ಮೊತ್ತ ಸಣ್ಣದಿದ್ದರೆ ಆಕಸ್ಮಿಕ ಅನ್ನಬಹುದು. ಪುಸ್ತಕದ ಹಿಂದಿನ ಪಟ್ಟಿಯಲ್ಲಿರುವ ಗಡಿ ದಾಟಿದರೆ, ಎರಡಕ್ಕೂ ಏನೋ ನಂಟಿದೆ ಎಂದು ಒಪ್ಪಬೇಕು. ಸಂಬಂಧವೇ ಇಲ್ಲ ಎಂದು ಮೊದಲಿಗೆ ಹಿಡಿದುಕೊಳ್ಳುವ ಮಾತಿಗೆ ಶೂನ್ಯ ಪ್ರಕಲ್ಪನೆ ಎಂದು ಹೆಸರು.

ಆ ಸಲ ಮಕ್ಕಳಿಗೆ ಓಣಿ ಓಣಿ ತಿರುಗಿ ಮಾಡುವ ಕೆಲಸವೊಂದನ್ನು ಕೊಟ್ಟೆ. ಒಂದು ಸಾಲಿಗೆ ಮಗ್ಗದ ಮನೆಯವರು, ಇನ್ನೊಂದಕ್ಕೆ ಮಗ್ಗವಿಲ್ಲದವರು. ಒಂದು ಕಂಬಕ್ಕೆ ಕಿವಿ ಚೆನ್ನಾಗಿ ಕೇಳುವವರು, ಇನ್ನೊಂದಕ್ಕೆ ಕೇಳದವರು. ಪಾಠಕ್ಕಾಗಿ ಎಂದು ಹೇಳಿದೆ. ಯಾಕಾಗಿ ಎಂಬುದು ನನಗೆ ಗೊತ್ತಿತ್ತು. ಒಂದೇ ಮಗುವಿಗೆ ಕೈ-ವರ್ಗ ಹಾಕಲು ಬರುವುದಿಲ್ಲ. ಯಾವ ಚೌಕದಲ್ಲೂ ನಿರೀಕ್ಷಿತ ಎಣಿಕೆ ಐದಕ್ಕಿಂತ ಕಡಿಮೆಯಾಗಬಾರದು ಎಂದು ನಾನೇ ಕಲಿಸುತ್ತೇನೆ. ಆದರೆ ಇಡೀ ಓಣಿಗೇ ಏನೂ ಆಗಿಲ್ಲ ಎಂದಾದರೆ ನನ್ನ ಮಗಳಿಗೂ ಏನೂ ಆಗಿರಲಾರದು ಎಂಬ ಆಸೆ. ಜನ ದೇವರಿಗೆ ಬೇಡಿಕೊಳ್ಳುವಂತೆ ನಾನು ಶೂನ್ಯ ಪ್ರಕಲ್ಪನೆಗೆ ಬೇಡಿಕೊಂಡೆ.

ಮಗ್ಗ ನಿಂತ ಹೊತ್ತು ನೋಡಿ, ಮೆತ್ತಗಿನ ದನಿಯಲ್ಲಿ ಕೆಲವು ಮಾತು ಹೇಳಿ, ತಿರುಗಿ ಹೇಳಿಸಬೇಕು ಎಂದು ಮಕ್ಕಳಿಗೆ ತಿಳಿಸಿದೆ. ಜೊತೆಗೆ ಒಂದು ಮಾತನ್ನು ಒತ್ತಿ ಹೇಳಿದೆ. "ಎದುರಿಗೆ ನಿಂತು, ಮುಖ ನೋಡಿ ಮಾತಾಡ್ರಿ. ಹಿರಿಯರಿರ್ತಾರ."

ಮಲ್ಲಸಮುದ್ರ, ಹರ್ತಿ, ಶಿರಹಟ್ಟಿ ಕಡೆಯ ಮಕ್ಕಳು ತಮ್ಮ ತಮ್ಮ ಊರಿನಲ್ಲಿ ಕೇಳಿಕೊಂಡು ಬಂದರು. ಬೆಟಗೇರಿಯ ಮಕ್ಕಳು ಮಗ್ಗದ ಓಣಿ ಸುತ್ತಿದರು. ಹಲಗೆಯ ಮೇಲೆ ನಾನೇ ಚೌಕ ತುಂಬಿದೆ. ಕೂಡಿಸಿ ನೋಡಿದರೆ ಮೊತ್ತ ಗಡಿಯ ಹತ್ತಿರವೂ ಹೋಗಿರಲಿಲ್ಲ. ಮಗ್ಗಕ್ಕೂ ಕಿವಿಗೂ ಸಂಬಂಧವಿಲ್ಲ. ಮಕ್ಕಳಿಗೆ ಇಂಥ ಸಪ್ಪೆ ಉತ್ತರ ಬೇಕಿರಲಿಲ್ಲ, ಮುಖ ಸಣ್ಣ ಮಾಡಿದರು. ನಾನು ಮಾತ್ರ ಬೇಗ ಪಾಠ ಮುಗಿಸಿ, ಮಗಳಿಗೆ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಹೋದೆ. ಆ ಸಂಜೆ ತಾಟು ಬೀಳಲಿಲ್ಲ.

ಎರಡು ದಿನ ಕಳೆದ ಮೇಲೆ ಲಕ್ಷ್ಮೇಶ್ವರದ ಒಬ್ಬ ವಿದ್ಯಾರ್ಥಿನಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅವರದು ಬಳೆ ವ್ಯಾಪಾರದ ಮನೆತನ. ಬೆಟಗೇರಿಯಲ್ಲಿ ಅವಳ ಚಿಕ್ಕಮ್ಮನ ಮನೆ ಇದ್ದುದರಿಂದ ಮಗ್ಗದ ಓಣಿಯೊಂದನ್ನು ಅವಳಿಗೂ ಕೊಟ್ಟಿದ್ದೆ. ಅವಳ ಹಾಳೆಗಳು ಇನ್ನೂ ಬಂದಿರಲಿಲ್ಲ.

"ಮೇಡಂ, ನಾ ಇನ್ನ ಆ ಓಣಿಗೆ ಹೋಗಂಗಿಲ್ರಿ," ಅಂದಳು. ಕಣ್ಣು ತುಂಬಿದ್ದವು.

"ಯಾಕವಾ, ಏನಾತು?"

"ನಾ ಏನ್ ಹೇಳಿದ್ರೂ ಆಂ, ಆಂ ಅಂತಾರ್ರಿ. ನಕಾಬ್ ನೋಡಿ ಹಂಗ ಮಾಡ್ತಾರೋ, ನನ್ನ ಕನ್ನಡ ತಿಳಿಯಂಗಿಲ್ಲೋ ಗೊತ್ತಿಲ್ರಿ. ಮಗ್ಗ ಇಲ್ಲದ ಮನಿಯವರಿಗೆ ಬರೋಬ್ಬರಿ ತಿಳಿತೈತಿ. ಮಗ್ಗದವರಿಗಷ್ಟ ತಿಳಿಯಂಗಿಲ್ಲ."

ತರಗತಿಯಲ್ಲಿ ಅವಳು ಮುಖ ತೆರೆದು ಕೂರುತ್ತಿದ್ದಳು. ರಸ್ತೆಗಿಳಿದರೆ ನಕಾಬು ಹಾಕುವಳು. ನಮ್ಮ ಜನ ಒಂದು ಹುಡುಗಿಯನ್ನು ಹೀಗೆ ನೋಯಿಸಿದರೇ ಎಂದು ನನಗೆ ಮೈ ಉರಿಯಿತು. ನಾನು ಸಿಟ್ಟಿನವಳು, ಸಿಟ್ಟು ಬಂದರೆ ಅಂಜಿಕೆ ಮರೆಯುತ್ತದೆ. ಬಾ, ನಾನೇ ಬರುತ್ತೇನೆ, ಯಾರು ಆಂ ಅನ್ನುತ್ತಾರೋ ನೋಡೋಣ ಎಂದು ಹೊರಟೆ. ಓಣಿಯಲ್ಲಿ ಬಿರಬಿರನೆ ಮುಂದೆ ನಡೆಯುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಓಡಿ ಬಂದು ನನಗೆ ಅಡ್ಡ ನಿಂತಳು. ಏನೋ ಹೇಳುತ್ತಿದ್ದಳು.

"ಜೋರಾಗಿ ಮಾತಾಡವಾ. ನಕಾಬಿನ್ಯಾಗ ಮಾತು ಹೊರಗ ಬರಂಗಿಲ್ಲ," ಅಂದೆ.

ಅವಳು ನಕಾಬು ಎತ್ತಿದಳು. "ಆಗಿಂದ ಕರೀಲಿಕತ್ತೀನ್ರಿ ಮೇಡಂ. ಆಂ ಅಂದವರ ಮನಿ ಹಿಂದ ಹೋತು."

ಆಗಲಿ, ಮೊದಲು ನಮ್ಮ ಮನೆಗೇ ಹೋಗೋಣ ಅಂದೆ. ಕರೆಂಟು ಹೋಗಿತ್ತು. ಮಗ್ಗ ನಿಂತು ಪಡಸಾಲೆ ಬಿಕೋ ಅನ್ನುತ್ತಿತ್ತು. ಅಪ್ಪ, ಅಣ್ಣ ಚಹಾಕ್ಕೆ ಹೊರಗೆ ಹೋಗಿದ್ದರು. ಮಗಳು ಒಳಗೆ ಮಲಗಿದ್ದಳು. ಅವ್ವ ಕಂಡಿಕೆ ಬಿಟ್ಟು ಮೇಲೆದ್ದು, ಬರ್ರಿ, ಕುಂಡ್ರಿ ಎಂದು ಚಾಪೆ ಹಾಸಿದಳು. ಹುಡುಗಿ ನನ್ನ ಕಿವಿಯ ಮಗ್ಗುಲಲ್ಲೇ ನಿಂತು, ನಕಾಬು ಹಾಕಿಕೊಂಡೇ ಕೇಳಿದಳು, "ಅಮ್ಮಾರ, ಕುಡಿಯಾಕ ಸ್ವಲ್ಪ ನೀರು ಕೊಡ್ರಿ."

ಅವ್ವ ಅವಳ ಕಣ್ಣು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. "ಏನಂತಾಳವಾ ಈಕಿ?"

ನಮ್ಮ ಅವ್ವ ಬಾಗಿಲಿಗೆ ಬಂದ ಯಾರನ್ನೂ ನೀರು ಕೊಡದೆ ಕಳಿಸಿದವಳಲ್ಲ. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು; ಅದರ ಜಾಗದಲ್ಲಿ ಹಳೆಯ ಅಂಜಿಕೆ ಬಂದು ನಿಂತಿತು. ಯಾಕೆ ಹೊಳೆಯಿತೋ ಗೊತ್ತಿಲ್ಲ, ದನಿಯನ್ನೇ ತೆಗೆಯದೆ, ಬರೀ ತುಟಿ ಆಡಿಸಿ "ನೀರು ಕೇಳತಾಳ" ಎಂದೆ. ಅವ್ವ ತಕ್ಷಣ ಒಳಗೆ ಹೋಗಿ ತಂಬಿಗೆ ತಂದಳು.

"ಮೇಡಂ, ನೀವು ಮಾತ ಆಡಲಿಲ್ರಿ," ಅಂದಳು ಹುಡುಗಿ, ನೀರು ಕುಡಿಯಲು ನಕಾಬು ಎತ್ತಿ. ಅವಳ ದನಿಯಲ್ಲೂ ಅಂಜಿಕೆಯಿತ್ತು.

ಅವ್ವ ಮತ್ತೆ ಕಂಡಿಕೆಗೆ ಕೂತಳು. ನಾನು ಅವಳ ಬೆನ್ನ ಹಿಂದೆ ಹೋಗಿ ನಿಂತೆ. ಬೆನ್ನಿಗೆ ಗುದ್ದು ತಿಂದ ಮೇಲೆ ಎಂದೂ ಹಾಗೆ ನಿಂತವಳಲ್ಲ. ಯವ್ವಾ ಎಂದು ಕರೆದೆ. ರಾಟೆ ತಿರುಗುತ್ತಲೇ ಇತ್ತು. ಸ್ವಲ್ಪ ಜೋರಾಗಿ ಕರೆದೆ. ನೂಲು ಹರಿಯಿತು, ಅದನ್ನು ಹೊಸೆದು ಜೋಡಿಸಿ ಮತ್ತೆ ತಿರುಗಿಸಿದಳು. ಅಷ್ಟು ಹತ್ತಿರ ನಿಂತಿದ್ದೆನೆಂದರೆ ಅವಳ ಬಿಳಿ ಕೂದಲು ಎಣಿಸಬಹುದಿತ್ತು. ಮೂರನೆಯ ಸಲ ಕರೆಯುವ ಧೈರ್ಯ ನನಗಾಗಲಿಲ್ಲ.

ಮಕ್ಕಳನ್ನು ಮತ್ತೆ ಕಳಿಸಿದೆ. ಈ ಸಲ ತುಟಿ ಕಾಣದಂತೆ ಬಾಯಿಗೆ ಹಾಳೆ ಅಡ್ಡ ಹಿಡಿದು ಹೇಳಲು ತಿಳಿಸಿದೆ. ತಮ್ಮ ಊರುಗಳಲ್ಲೂ ಹಾಗೆಯೇ ಮಾಡಿದರು. ಹಲಗೆಯ ಮೇಲೆ ಮತ್ತೆ ನಾಲ್ಕು ಚೌಕ ಬರೆದು ತುಂಬಿದೆವು. ಮಗ್ಗದ ಸಾಲು ಹಿಂದಿನ ಸಾಲೇ ಅಲ್ಲ ಅನ್ನುವಷ್ಟು ಬದಲಾಗಿತ್ತು. ಮೊತ್ತ ಗಡಿಯನ್ನು ದಾಟಿ ಎಷ್ಟೋ ಮುಂದೆ ಹೋಯಿತು. ಈಗ ಮಕ್ಕಳಿಗೆ ಹುರುಪು. ನಾನು ಸೀಮೆಸುಣ್ಣ ಕೆಳಗಿಟ್ಟು ಕುರ್ಚಿಯ ಮೇಲೆ ಕೂತೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಹಂಗಾದ್ರ ಮಗ್ಗದಿಂದ ಕಿವಿ ಹೋಗ್ತಾವ ಅಂತ ಬರೀಬೇಕೇನ್ರಿ ಮೇಡಂ?" ಎಂದ.

"ಹಂಗ ಬರೀಬ್ಯಾಡ. ಎರಡಕ್ಕೂ ಸಂಬಂಧ ಐತಿ ಅಂತಷ್ಟ ಬರಿ. ಯಾವುದರಿಂದ ಯಾವುದು ಅನ್ನೋದನ್ನ ಈ ಪರೀಕ್ಷೆ ಹೇಳಂಗಿಲ್ಲ. ಕಿವಿ ಮಂದ ಇದ್ದವರ ಮಗ್ಗಕ್ಕ ಕುಂತಾರ ಅಂತ ಯಾರರ ವಾದ ಮಾಡಿದ್ರ ನಿನ್ನ ಕೋಷ್ಟಕ ಏನ್ ಉತ್ತರ ಕೊಡತೈತಿ?"

ಹುಡುಗ ಸಂಬಂಧ ಐತಿ ಎಂದಷ್ಟೇ ಬರೆದುಕೊಂಡು ಕೂತ. ಪ್ರತಿವರ್ಷ ಹೇಳುವ ಮಾತದು, ಬಾಯಿಪಾಠ. ಹೇಳುವಾಗ ನಾನು ಅವನನ್ನು ನೋಡುತ್ತಿರಲಿಲ್ಲ. ಆ ಪಡಸಾಲೆಯಲ್ಲಿ ಕೂತಿರುವ ಮೂರು ವರ್ಷದ ಮಗುವನ್ನು ನೋಡುತ್ತಿದ್ದೆ. ಮಕ್ಕಳ ಹಾಳೆಯಲ್ಲಿ ನಾನು ಹೊಡೆದುಹಾಕುವ ವಾಕ್ಯವೇ ನನ್ನ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮಗ್ಗ ತಿಂದಿತು, ನಾನು ತಿನ್ನಿಸಿದೆ.

ಅಂದು ನಮ್ಮವರು ಬಸ್ಸಿಳಿದು ಬಂದು ಕೈಕಾಲು ತೊಳೆಯುವ ಮೊದಲೇ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತೆ. ಅವರು ಟವೆಲು ಹಿಡಿದುಕೊಂಡು ಹಾಗೇ ನಿಂತಿದ್ದರು.

"ಇಷ್ಟು ದಿನ ಒಬ್ಬಾಕೀನ ಇಟಗೊಂಡು ಕುಂತಿದ್ದೇನು?" ಅಂದರು. "ನಾಳೆ ರಜಾ ಹಾಕತೀನಿ. ಹೋಗೂಣು."

ಗದಗಿನಲ್ಲೇ ಕಿವಿ ಪರೀಕ್ಷೆ ಮಾಡುವ ಕಡೆ ಹೋದೆವು. ಒಂದು ಸಣ್ಣ ಕೋಣೆ. ಗೋಡೆಗೆಲ್ಲ ದಪ್ಪ ಮೆತ್ತೆ, ಮೂಲೆಯಲ್ಲಿ ಸ್ಪೀಕರು, ಒಂದು ಕಡೆ ಗಾಜಿನ ಕಿಟಕಿ. ಪರೀಕ್ಷೆ ಮಾಡುವ ಹೆಣ್ಣುಮಗಳು ಮಗಳ ಎದುರು ಕೂತು ಆಟ ಕಲಿಸಿದಳು. ಶಬ್ದ ಕೇಳಿದರೆ ಕೈಯಲ್ಲಿರುವ ಮಣಿಯನ್ನು ಡಬ್ಬಿಗೆ ಹಾಕಬೇಕು, ಕೇಳದಿದ್ದರೆ ಸುಮ್ಮನಿರಬೇಕು. ಕಲಿಸಿ ಗಾಜಿನ ಆಚೆ ಹೋಗಿ ಕೂತಳು. ನಮ್ಮವರು ಅವಳ ಹಿಂದೆ ನಿಂತರು. ಕೋಣೆಯೊಳಗೆ ನಾನು ಮತ್ತು ಮಗಳು.

ಮೊದಲು ಕುಂಯ್ ಎಂದು ಒಂದು ಸದ್ದು ಬಂತು. ಮಗಳು ಮಣಿ ಹಾಕಿದಳು. ಇನ್ನೊಂದು ಬಂತು, ಮತ್ತೆ ಹಾಕಿದಳು. ನನಗೆ ಉಸಿರು ಬಂದಂತಾಯಿತು. ಆಮೇಲೆ ಸದ್ದು ನಿಂತಿತು. ನಾನು ಕಾಯುತ್ತಾ ಕೂತೆ. ಏನೂ ಇಲ್ಲ. ಮಗಳು ಒಂದು ಮಣಿ ಹಾಕಿದಳು.

ಹಾಕಬ್ಯಾಡ ಎಂದು ಕಣ್ಣಲ್ಲೇ ಗದರಿದೆ. ಅವಳು ನನ್ನನ್ನು ನೋಡಲಿಲ್ಲ. ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ಕಾದು ಇನ್ನೊಂದು ಹಾಕಿದಳು. ಕೋಣೆಯಲ್ಲಿ ಸದ್ದೇ ಇಲ್ಲ, ಇವಳು ಮಣಿ ಹಾಕುತ್ತಿದ್ದಾಳೆ. ಆಟ ಎಂದುಕೊಂಡು ಹಾಕುತ್ತಿದ್ದಾಳೆ, ಡಬ್ಬಿ ತುಂಬಲಿ ಎಂದು ಹಾಕುತ್ತಿದ್ದಾಳೆ. ಮೊದಲಿನ ಎರಡನ್ನೂ ಹಾಗೇ ಹಾಕಿರಬೇಕು. ಇವಳಿಗೆ ಏನೂ ಕೇಳುತ್ತಿಲ್ಲ. ಇನ್ನೊಂದು ಮಣಿ ಬಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತೆ.

ಬಾಗಿಲು ತೆರೆದು ಆ ಹೆಣ್ಣುಮಗಳು ಎದುರಿಗೆ ಬಂದಳು. ನಗುತ್ತಿದ್ದಳು.

"ಭಾಳ ಚಲೋ ಅದಾವ್ರಿ ಕಿವಿ. ಎಷ್ಟು ಸಣ್ಣ ಶಬ್ದ ಕೊಟ್ರೂ ಹಿಡದ್ಲು. ಗದ್ದಲದ ಮನ್ಯಾಗ ಬೆಳದ ಕೂಸು, ಹಾರ್ನಿಗೆ ಕ್ಯಾರೆ ಅನ್ನಂಗಿಲ್ಲ, ಅಷ್ಟ. ಆದ್ರ ಇನ್ನ ಮ್ಯಾಲ ಮಗ್ಗದ ಮಗ್ಗಲಾ ಕುಂದ್ರಿಸಬ್ಯಾಡ್ರಿ."

"ಇಲ್ಲರಿ," ಅಂದೆ. "ಆಕಿ ಸುಳ್ಳ ಹಾಕಲಿಕತ್ತಿದ್ಲು. ಶಬ್ದಾನ ಇರಲಿಲ್ಲ."

ಅವಳ ನಗು ನಿಂತಿತು. ಗಾಜಿನ ಆಚೆ ನಿಂತಿದ್ದ ನಮ್ಮವರ ಕಡೆ ಒಮ್ಮೆ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು. ಆಗ ಮಗಳು ನನ್ನ ತೊಡೆ ಏರಿದಳು. ಎರಡೂ ಕೈಯಿಂದ ಗದ್ದ ಹಿಡಿದು ನನ್ನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಬಾಯಿಯನ್ನು ಅಗಲವಾಗಿ ತೆರೆದು, "ಅವ್ವಾ, ಮಣಿ ಆದೂ," ಎಂದು ಕಿರುಚಿದಳು.

ಅವಳು ತನ್ನ ಅಪ್ಪನ ಗದ್ದವನ್ನು ಎಂದೂ ಹಿಡಿದವಳಲ್ಲ. ಹಿಡಿಯುತ್ತಿದ್ದದ್ದು ನನ್ನದು, ಮತ್ತು ನಮ್ಮ ಅವ್ವನದು. ಅದನ್ನು ದಿನಾ ನೋಡಿದ್ದೆ. ನೋಡಿ, ಸಂಬಂಧವನ್ನು ತಿರುವುಮುರುವು ಓದಿದ್ದೆ: ಅವಳು ನನ್ನ ತುಟಿ ನೋಡುತ್ತಿರಲಿಲ್ಲ, ತನ್ನ ತುಟಿಯನ್ನು ನನಗೆ ತೋರಿಸುತ್ತಿದ್ದಳು. ಓಣಿಯಲ್ಲಿ ಅಡ್ಡ ಬಂದು ನಕಾಬು ಎತ್ತಿದ ಹುಡುಗಿ ನೆನಪಾದಳು.

"ನೀವೂ ಒಮ್ಮೆ ಕುಂಡ್ರಿ," ಅಂದಳು ಆ ಹೆಣ್ಣುಮಗಳು. ಈಗ ಅವಳೂ ಬಾಯಿ ಬಿಡಿಸಿ, ನಿಧಾನಕ್ಕೆ ಮಾತಾಡುತ್ತಿದ್ದಳು.

ಮಗಳನ್ನು ಅವಳ ಅಪ್ಪನ ಕೈಗೆ ಕೊಟ್ಟು, ಡಬ್ಬಿಯ ಮುಂದೆ ನಾನು ಕೂತೆ. ಬಾಗಿಲು ಮುಚ್ಚಿತು. ಒಂದು ಮಣಿ ಎತ್ತಿಕೊಂಡೆ. ಮೊದಲ ಕೆಲವು ಸದ್ದು ಕೇಳಿದವು, ಹಾಕಿದೆ. ಆಮೇಲೆ ಕೋಣೆ ಮೌನವಾಯಿತು. ಮಣಿ ಹಿಡಿದುಕೊಂಡು ಕಾದೆ. ಇಷ್ಟು ದಿನ ಮಗುವಿಗಾಗಿ ಪಟ್ಟ ಹೆದರಿಕೆ ಅಷ್ಟೂ ತಿರುಗಿ ನನ್ನ ಮೈಮೇಲೆ ಬಂತು. ಗಾಜಿನ ಕಡೆ ನೋಡಿದೆ. ಆಚೆ ಅಪ್ಪನ ಕಂಕುಳಲ್ಲಿದ್ದ ಮಗಳು, ಆ ಹೆಣ್ಣುಮಗಳ ಬೆರಳು ಗುಂಡಿ ಒತ್ತುವುದನ್ನು ನೋಡಿ, ನನ್ನನ್ನು ನೋಡಿ, ಗಾಜಿಗೆ ಅಂಗೈ ಬಡಿಯುತ್ತಿದ್ದಳು. ಅದೂ ಕೇಳಿಸಲಿಲ್ಲ. ಅವಳ ತುಟಿಯಿಂದ ತಿಳಿಯಿತು. ಹಾಕವ್ವಾ, ಅನ್ನುತ್ತಿದ್ದಳು. ಹಾಕು.